ಕಲ್ಲಿನ ತೇರಿನ ಮುಂದೆ

2008ರಲ್ಲಿ ಓಡತೊಡಗಿದ ‘ಸುವರ್ಣ ರಥ’ವೆಂಬ ಪ್ರವಾಸಿ ರೈಲು ತನ್ನ ನಾಮಧೇಯವನ್ನು ಹಂಪೆಯ ಕಲ್ಲಿನ ತೇರಿನಿಂದಲೂ, ತನ್ನ ಬೋಗಿಗಳ ಹೆಸರುಗಳನ್ನು ಕದಂಬ, ಗಂಗ, ಹೊಯ್ಸಳಾದಿ ರಾಜವಂಶಗಳಿಂದಲೂ ಪಡೆದುಕೊಂಡಿತು; ದೂರದೇಶದ ಯಾತ್ರಿಕರು ಅದನ್ನೇರಿ ಬಂದು ನಮ್ಮ ಪೂರ್ವಿಕರ ಶಿಲ್ಪವನ್ನು ಕಂಡು ಹೋಗುವುದು ಸಂತೋಷದ ಸಂಗತಿಯೇ ಸರಿ. ಆದರೆ ಹರಪನಹಳ್ಳಿ ಸೀಮೆಯ ಹಲವಾಗಲು ಎಂಬ ಊರಿನ ನಮ್ಮಂಥವರಿಗೆ ಪ್ರವಾಸಿ ರೈಲೆಂಬುದು ಯಾವುದಾದರೂ ಇದ್ದರೆ, ಅದು 2019ರಲ್ಲಿ ಹೊಸಪೇಟೆ–ಹರಿಹರಗಳ ನಡುವೆ ಸಂಚಾರ ಆರಂಭಿಸಿದ ಸಾದಾ ಪ್ಯಾಸೆಂಜರ್ ಗಾಡಿಯೇ.

ಅವ್ವನನ್ನೂ ಮಗಳನ್ನೂ ಕರೆದುಕೊಂಡು ಹರಪನಹಳ್ಳಿಯಲ್ಲಿ ನಾನು ಆ ಗಾಡಿಯನ್ನು ಹತ್ತಿದೆ. ತೇರು ನೋಡಲು ಹೋಗುವುದೆಂಬ ಒಂದೇ ಮಾತಿಗೆ ಅವ್ವ ತೇರಿಗೆ ಎಸೆಯಲೆಂದು ಸೆರಗಿನಲ್ಲಿ ಉತ್ತತ್ತಿ ಕಟ್ಟಿಕೊಂಡಿದ್ದಳು. ಕೊಟ್ಟೂರು ಬಂದೊಡನೆ ಕಿಟಕಿಯಿಂದಲೇ ಗುರುಬಸವೇಶ್ವರನಿಗೆ ಕೈಮುಗಿದಳು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದಳು. ರಾತ್ರಿ ಹೊಸಪೇಟೆಯ ಬಂಧುಗಳ ಮನೆಯಲ್ಲಿ ತಂಗಿದೆವು. ಬಂಧುಗಳಿಲ್ಲದವರ ಗತಿಯೇನು? ಈ ಸೀಮೆಯ ಸಂಸಾರಗಳು ಬೆಳಗ್ಗೆ ಹೊರಟು ಹಂಪೆಯನ್ನು ಸಾವಕಾಶವಾಗಿ ನೋಡಿ ಸಂಜೆಗೆ ಮನೆ ಸೇರುವಂತೆ, ವಾರಕ್ಕೊಂದು ದಿನವಾದರೂ ರೈಲಿನ ಹೊತ್ತನ್ನೂ ಮುಂದಿನ ಹದಿಮೂರು ಕಿಲೋಮೀಟರಿನ ಬಸ್ಸನ್ನೂ ಹೊಂದಿಸಿಕೊಡಬೇಕೆಂದು ನಾನು ಮನಸಾರೆ ಕೇಳುತ್ತೇನೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಥಳವನ್ನು ಅದರ ನೆರೆಯಲ್ಲಿರುವ ಮಕ್ಕಳೇ ಐವತ್ತು ರೂಪಾಯಿಯ ನೋಟಿನ ಮೇಲೆ ಮಾತ್ರ ನೋಡಿ ಬೆಳೆಯುವುದು ನನಗೆ ಸಹಿಸಲಾಗದ ದುಃಖ.

ಮರುದಿನ ಹಂಪೆಯಲ್ಲಿ ತುಂಗಭದ್ರೆಯನ್ನು ಕಂಡು ಅವ್ವ, “ಇದು ನಮ್ಮೂರ ಹೊಳೀನ ಅಲ್ಲೇನು?” ಎಂದಳು. ಅಹುದು; ನಮ್ಮ ಸೀಮೆಯನ್ನು ಹಾಯ್ದ ನೀರೇ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದಿಳಿದು ಈ ಬಂಡೆಗಳ ನಡುವೆ ಹರಿಯುತ್ತದೆ.

ವಿಜಯವಿಠ್ಠಲನ ಅಂಗಳದ ಆ ತೇರು ವಾಸ್ತವದಲ್ಲಿ ಗರುಡನ ಗುಡಿ. ಏಕಶಿಲೆಯೆಂದು ತೋರಿದರೂ ಹಲವು ಕಲ್ಲುಗಳನ್ನು ಸಂಧಿ ಕಾಣದಂತೆ ಕೂಡಿಸಿ ಕಟ್ಟಿದ್ದು. ಮುಂದಿರುವ ಆನೆಗಳು ಅನಂತರ ಬಂದವು. ಮೊದಲಿದ್ದ ಕುದುರೆಗಳ ಹಿಂಗಾಲುಗಳು ಅವುಗಳ ಹಿಂದೆ ಇನ್ನೂ ಉಳಿದಿವೆ. ಗ್ರೀನ್‌ಲಾ ಎಂಬಾತ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಅದಿಲ್ಲ. ಇದೆಲ್ಲವನ್ನೂ ನಾನು ವಿವರಿಸುತ್ತಿರಲಾಗಿ, ಕೊಟ್ಟೂರ ತೇರನ್ನು ಕಂಡು ಬೆಳೆದ ಮಗಳು ಚಕ್ರಗಳನ್ನು ಸುತ್ತಿ ಬಂದು, “ಅಜ್ಜೀ, ಇದರ ಹಗ್ಗ ಎಲ್ಲೈತಿ?” ಎಂದು ಕೇಳಿದಳು.

ಅವ್ವ ಉತ್ತರ ಕೊಡಲಿಲ್ಲ. ಸೆರಗಿನ ಗಂಟು ಬಿಚ್ಚಿದಳು. ಉತ್ತತ್ತಿಯನ್ನು ತೇರಿನತ್ತ ಎಸೆಯದೆ ಕಣ್ಣಿಗೊತ್ತಿಕೊಂಡು, ಮೊಮ್ಮಗಳ ಅಂಗೈಯಲ್ಲಿಟ್ಟಳು.