ಮೊದಲ ಮೆಟ್ಟಿಲನ್ನು ಬಿಟ್ಟು ಅಟ್ಟಕ್ಕೇಕೆ ಹಾರಿಸುತ್ತೀರಿ?

ಮದುವೆಯಾಗಿ ಎರಡು ವರ್ಷದೊಳಗೆ ತೊಟ್ಟಿಲು ತೂಗದಿದ್ದರೆ ನಮ್ಮ ಚಾಳುಗಳಲ್ಲಿ ಎಲ್ಲರ ಬೆರಳೂ ಸೊಸೆಯ ಕಡೆಗೇ ತಿರುಗುತ್ತದೆ. ಅವಳ ಮುಟ್ಟು ಏರುಪೇರೆಂದು ತಿಳಿದರಂತೂ ‘ಬಂಜೆ’ಯೆಂಬ ಪಟ್ಟ ಕಟ್ಟಿದಂತೆಯೇ. ಆಮೇಲೆ ಜಾಹೀರಾತಿನ ಆಸ್ಪತ್ರೆ, ಕಂತಿನ ಮೇಲೆ ಪ್ರನಾಳ ಶಿಶು! ಪಗಾರದಲ್ಲಿ ಉಳಿಸಿದ ಗಂಟು, ಸೊಸೈಟಿಯ ಸಾಲ, ಕೊರಳಿನ ಚಿನ್ನ ಎಲ್ಲವೂ ಅಲ್ಲಿ ಕರಗುತ್ತವೆ. ಇದನ್ನು ನಾವು ಖಂಡಿಸುತ್ತೇವೆ.

ಪಿ.ಸಿ.ಓ.ಎಸ್. ಎಂಬ ಈ ತೊಂದರೆ ಪಾಪದ ಫಲವಲ್ಲ, ಅಪರೂಪದ್ದೂ ಅಲ್ಲ. 1935ರಲ್ಲಿ ಷಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಇದನ್ನು ವರ್ಣಿಸಿದರು. ಹೆರುವ ವಯಸ್ಸಿನ ಹತ್ತು ಸ್ತ್ರೀಯರಲ್ಲಿ ಸುಮಾರು ಒಬ್ಬರಿಗೆ ಇದುಂಟು. ಇವರಲ್ಲಿ ಅನೇಕರ ಮೈ ಇನ್ಸುಲಿನ್ನಿನ ಮಾತು ಕೇಳದು. ಆದುದರಿಂದ ಅದು ರಕ್ತದಲ್ಲಿ ಹೆಚ್ಚುತ್ತದೆ. ಪಿಟ್ಯುಟರಿ ಗ್ರಂಥಿಯ ಎಲ್.ಎಚ್. ಹಾರ್ಮೋನೂ ಏರುತ್ತದೆ. ಇವೆರಡೂ ಕೂಡಿ ಅಂಡಾಶಯದಲ್ಲಿ ಪುರುಷ ಹಾರ್ಮೋನನ್ನು ಹೆಚ್ಚಿಸಲು, ಅಂಡದ ಕೋಶಗಳು ಅರ್ಧಕ್ಕೇ ನಿಲ್ಲುತ್ತವೆ. ಅಂಡವಿದೆ, ಅದಕ್ಕೆ ಬಿಡುಗಡೆಯಿಲ್ಲ. ಇದರಲ್ಲಿ ಬಂಜೆತನವೆಲ್ಲಿ ಬಂತು?

ಬಿಡುಗಡೆಯ ದಾರಿ ಅಗ್ಗದ್ದೇ ಇದೆ. ಅಮೆರಿಕದಲ್ಲಿ ಇಂಥ 750 ಸ್ತ್ರೀಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲೆಟ್ರೋಜೋಲ್ ಮಾತ್ರೆ ಪಡೆದವರಲ್ಲಿ ಶೇಕಡಾ 27.5 ಮಂದಿ ಐದು ಸರದಿಗಳೊಳಗೆ ಬಸಿರಾಗಿ ಜೀವಂತ ಶಿಶುವನ್ನು ಹೆತ್ತರು. ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ 19.1. ಇದೇ ಮಾತ್ರೆಯನ್ನು ನಮ್ಮ ಸರಕಾರ 2011ರಲ್ಲಿ ಈ ಉಪಯೋಗಕ್ಕೆ ನಿಷೇಧಿಸಿ, 2017ರಲ್ಲಿ ನಿಷೇಧವನ್ನು ಹಿಂತೆಗೆಯಿತು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇದೇ ಮೊದಲ ಔಷಧ.

‘ವಯಸ್ಸು ಮೀರುತ್ತದೆ’ ಎಂದು ಹೆದರಿಸುವವರಿದ್ದಾರೆ. ವಯಸ್ಸಿನ ಮಾತು ಸುಳ್ಳಲ್ಲ. ಆದರೆ ಇಪ್ಪತ್ತೈದರ ಹುಡುಗಿಗೆ ಐದಾರು ತಿಂಗಳ ಮಾತ್ರೆಗೂ ಸಮಯವಿಲ್ಲವೇ? ನಾಳ ಮುಚ್ಚಿದ್ದರೆ, ಗಂಡನ ವೀರ್ಯ ತೀರ ದುರ್ಬಲವಾಗಿದ್ದರೆ, ಮಾತ್ರೆಗಳು ಸೋತರೆ ಪ್ರನಾಳ ಶಿಶುವಿನ ಚಿಕಿತ್ಸೆ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಅದರ ಅಪಾಯವನ್ನು ಮುಚ್ಚಿಡುವುದೇಕೆ? ಇಂಥ ಅಂಡಾಶಯಗಳು ಚುಚ್ಚುಮದ್ದಿಗೆ ಮಿತಿಮೀರಿ ಉಬ್ಬುವುದುಂಟು. ಕೊನೆಯಲ್ಲಿ ಕೊಡುವ ಎಚ್.ಸಿ.ಜಿ. ಚುಚ್ಚುಮದ್ದಿನಿಂದ ವಿ.ಇ.ಜಿ.ಎಫ್. ಎಂಬ ಬೆಳವಣಿಗೆಯ ಅಂಶ ಹೆಚ್ಚಿ, ರಕ್ತನಾಳಗಳು ಸೋರಿ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಪ್ರಾಣಕ್ಕೂ ಕುತ್ತು ಬರಬಹುದು. ಚೀನದಲ್ಲಿ 1508 ಸ್ತ್ರೀಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಭ್ರೂಣವನ್ನು ಕೂಡಲೇ ಗರ್ಭದಲ್ಲಿಡದೆ ಶೈತ್ಯದಲ್ಲಿ ಕಾದಿಟ್ಟುದರಿಂದ ಈ ಕುತ್ತು ಶೇಕಡಾ 7.1ರಿಂದ 1.3ಕ್ಕೆ ಇಳಿಯಿತು. ಹಣ ಕಟ್ಟುವ ಮುನ್ನ ಇದನ್ನು ಯಾರು ಹೇಳುತ್ತಾರೆ?

ನಮ್ಮ ಬೇಡಿಕೆಗಳು ಸ್ಪಷ್ಟ: ಗಂಡನ ಪರೀಕ್ಷೆ ಮೊದಲೇ ಆಗಲಿ. ಕಾರ್ಮಿಕ ವಿಮೆಯ ಪ್ರತಿ ಔಷಧಾಲಯದಲ್ಲೂ ಈ ಮಾತ್ರೆ, ಅದನ್ನು ಕೊಟ್ಟು ನಿಗಾ ಇಡಬಲ್ಲ ವೈದ್ಯರು ಸಿಗಲಿ. ಖರ್ಚು, ಅಪಾಯ ಎರಡನ್ನೂ ತಿಳಿಯುವ ಭಾಷೆಯಲ್ಲಿ ಬರೆದುಕೊಡಲಿ. ಬಂಧುಗಳೇ, ‘ಬಂಜೆ’ ಎಂಬ ಮಾತನ್ನು ನಮ್ಮ ಮನೆಗಳಿಂದ ಹೊರಹಾಕುವುದಕ್ಕೆ ಮಾತ್ರ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.