ವಿಮಾನದ ಕಾಲಿಗೆ ರಬ್ಬರಿನ ಹಗ್ಗ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಎತ್ತಿನ ಬಂಡಿಯಲ್ಲಿ ಹೋಗಿಬಂದ ಹಿರಿಯರನ್ನು ಕೇಳಿದರೆ, ದಾರಿಯ ಒಂದೊಂದು ಕಲ್ಲೂ ಬೆನ್ನಿಗೆ ತಿಳಿಯುತ್ತಿದ್ದಿತೆಂದು ಹೇಳುವರು. ಟಾಂಗಾದಲ್ಲಿ ಅಷ್ಟು ಕಷ್ಟವಿಲ್ಲ. ಏಕೆಂದರೆ ಅದಕ್ಕೆ ಉಕ್ಕಿನ ಕಮಾನುಂಟು. ಈ ಅಲ್ಪ ಭೇದವೇ ಆಕಾಶದಿಂದಿಳಿಯುವ ಯಂತ್ರಕ್ಕೆ ಜೀವನ್ಮರಣದ ಮಾತಾಗುವುದೆಂಬುದನ್ನು ಈ ತಿಂಗಳು ವಿಚಾರಿಸೋಣ.

ಬೀದರದ ವಾಯುಸೇನೆಯ ವಿಮಾನಗಳನ್ನು ಕಂಡು, "ನಾವೇ ಒಂದನ್ನು ಕಟ್ಟಬಾರದೇಕೆ?" ಎಂದು ಕೇಳುವ ಹುಡುಗರು ಈ ಸೀಮೆಯಲ್ಲಿ ಹಲವರು. ಪ್ರಶ್ನೆಯು ನಗತಕ್ಕದ್ದಲ್ಲ. ಮುಂಬಯಿಯ ಕ್ಯಾಪ್ಟನ್ ಅಮೋಲ ಯಾದವರು ಮನೆಯ ಮಾಳಿಗೆಯ ಮೇಲೆ ವಿಮಾನವನ್ನು ಕಟ್ಟಿ, 2019ರಲ್ಲಿ ಹಾರಾಟದ ಪರವಾನಗಿಯನ್ನು ಪಡೆದರು. 1940ರಲ್ಲಿ ಬೆಂಗಳೂರಿನ ವಿಮಾನ ಕಾರಖಾನೆಗೆ ಮೂಲಪುರುಷರಾದ ವಾಲಚಂದ ಹಿರಾಚಂದರಾದರೂ ಹುಮನಾಬಾದಿನ ಹೆದ್ದಾರಿಯಲ್ಲಿಯೇ ಸಿಕ್ಕುವ ಸೊಲ್ಲಾಪುರದವರು.

ವಿಮಾನವು 30 ಸೆಂಟಿಮೀಟರಿನಿಂದ ಧೊಪ್ಪನೆ ನೆಲಕ್ಕೆ ಬಿದ್ದಿತೆನ್ನೋಣ. ಕಾಲುಗಳು 3 ಸೆಂಟಿಮೀಟರು ಮಾತ್ರ ಬಳುಕಿದರೆ, ಅವು ತಾಳಬೇಕಾದ ಸರಾಸರಿ ಭಾರವು ವಿಮಾನದ ತೂಕದ 11 ಪಟ್ಟು. 15 ಸೆಂಟಿಮೀಟರು ಬಳುಕಿದರೆ ಕೇವಲ 3 ಪಟ್ಟು. ಈ ಬಳುಕನ್ನು ಅಗ್ಗದಲ್ಲಿಯೂ ಹಗುರದಲ್ಲಿಯೂ ಒದಗಿಸುವುದೇ ರಬ್ಬರಿನ ಹಗ್ಗ. 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದ ಬ್ಲೇರಿಯೋನ ವಿಮಾನಕ್ಕೂ, 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಏಕಾಕಿಯಾಗಿ ದಾಟಿದ ಲಿಂಡ್‌ಬರ್ಗನ ವಿಮಾನಕ್ಕೂ ಇಂಥ ರಬ್ಬರೇ ಆಧಾರವಾಗಿದ್ದಿತು.

ಅನೇಕ ರಬ್ಬರಿನ ಎಳೆಗಳನ್ನು ಕೂಡಿಸಿ, ಮೇಲೆ ನೂಲಿನ ಹೆಣಿಗೆಯ ಕವಚವನ್ನು ತೊಡಿಸಿರುವರು. ವಿಮಾನದ ಕಾಲು ಒಡಲಿಗೆ ಕೀಲಿನಿಂದ ಕೂಡಿರುವುದು. ಚಕ್ರವು ನೆಲಕ್ಕೆ ತಾಗಿ ಕಾಲು ಅಗಲುವಾಗ ಹಗ್ಗವು ಹಿಗ್ಗಿ ಪೆಟ್ಟನ್ನು ನುಂಗುವುದು. ಸುತ್ತುವಾಗ ಎರಡೂ ಕಾಲುಗಳಿಗೆ ಸುತ್ತುಗಳ ಸಂಖ್ಯೆಯೂ ಬಿಗಿಯೂ ಸಮವಾಗಿರತಕ್ಕದ್ದು. ಇಲ್ಲವಾದರೆ ವಿಮಾನವು ಒಂದು ಮಗ್ಗುಲಿಗೆ ವಾಲುವುದು. ಬಿಗಿದೆಳೆದ ಹಗ್ಗವು ಕೈಜಾರಿದರೆ ಕಣ್ಣೇ ಹೋದೀತು. ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈಹಾಕಲಾಗದು. ಹಗ್ಗವು ಹರಿದರೂ ಕಾಲು ಚಾಚಿ ಬೀಳದಂತೆ ಉಕ್ಕಿನ ತಂತಿಯ ಕಾವಲೊಂದನ್ನು ಜೊತೆಗಿಡುವುದು ವಿವೇಕ.

ಬಿಸಿಲೂ ಎಣ್ಣೆಯೂ ಪೆಟ್ರೋಲೂ ರಬ್ಬರಿಗೆ ಶತ್ರುಗಳು. ಮೇಲಿನ ನೂಲು ಚೆನ್ನಾಗಿ ಕಂಡರೂ ಒಳಗಿನ ಎಳೆಗಳು ಜೀರ್ಣವಾಗಿರಬಹುದು. ಆದುದರಿಂದಲೇ ತಯಾರಾದ ವರ್ಷವನ್ನು ತಿಳಿಸಲು ಕವಚದಲ್ಲಿ ಬಣ್ಣದ ಎಳೆಗಳನ್ನು ನೇಯುವರು.

ಹರಿಯುವವರೆಗೂ ಬಳಸುವುದು ನಮ್ಮ ಮನೆಗಳ ಒಳ್ಳೆಯ ರೂಢಿ. ಸೀರೆ ಹರಿದರೆ ಕೌದಿಯಾಗುವುದು, ನಷ್ಟವೇನಿಲ್ಲ. ಆದರೆ ಈ ಹಗ್ಗವು ಹರಿಯುವುದು ವಿಮಾನವು ನೆಲ ಮುಟ್ಟುವ ಗಳಿಗೆಯಲ್ಲಿ. ಆಗ ಒಳಗೆ ಮನೆಯ ಮಗನೊಬ್ಬ ಕುಳಿತಿರುವನು. ಚೆನ್ನಾಗಿ ಕಾಣುವಾಗಲೇ ಬಿಸುಡತಕ್ಕ ವಸ್ತುಗಳೂ ಲೋಕದಲ್ಲುಂಟೆಂಬುದನ್ನು, ವಿಮಾನ ಕಟ್ಟುವೆನೆಂಬ ಹುಡುಗನಿಗೆ ಮೊದಲು ಕಲಿಸೋಣ.