ಅಗ್ಗದ ಪೀಪಿಗೆ ಒಳ್ಳೆಯ ನಾದ

ಬೇಗಂ ಬಜಾರದಲ್ಲಿ ಸಿಗದ ಪದಾರ್ಥವಿಲ್ಲವೆಂಬುದು ನಮ್ಮ ಹೈದರಾಬಾದಿನ ಗೃಹಿಣಿಯರ ನಂಬಿಕೆ. ಎರಡನೆಯ ಆಸಫ್ ಜಾಹ್ ನಿಜಾಮ್ ಅಲಿಖಾನರ ಪತ್ನಿ ಹುಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ನೆಲವಾದ್ದರಿಂದ ಈ ಪೇಟೆಗೆ ಆ ಹೆಸರು ಬಂದಿತೆಂದು ಹೇಳುತ್ತಾರೆ. ಪಾತ್ರೆಪಡಗ, ಬಾದಾಮಿ, ದ್ರಾಕ್ಷಿಗಳಿಂದ ಹಿಡಿದು ಆಟಿಕೆಗಳವರೆಗೆ ಎಲ್ಲವೂ ಇಲ್ಲಿ ಸಗಟು ವ್ಯಾಪಾರ. ಪಾತ್ರೆ ಕೊಳ್ಳಲು ಹೋದ ತಾಯಿಯ ಸೆರಗು ಹಿಡಿದು ಬಂದ ಮಗು ಆಟಿಕೆಯಂಗಡಿಯ ಮುಂದೆ ನಿಂತು ಪೀಪಿ ಬೇಕೆಂದು ಹಟ ಹಿಡಿದರೆ ಆಶ್ಚರ್ಯವೇನು? ಆರು ತೂತಿನ ತಗಡಿನ ಕೊಳವೆ, ತುದಿಗೆ ಒಂದು ಮೂತಿ. ಬೆಲೆಯೂ ಅಗ್ಗ, ಇಲ್ಲವೆನ್ನಲು ಮನಸ್ಸು ಬಾರದು.

ಮನೆಗೆ ಬಂದ ಮೇಲೆ ಕಥೆ ಬೇರೆ. ಊದಿದರೆ ಅರ್ಧ ಬರಿಯ ಗಾಳಿ, ಅರ್ಧ ಕಿರುಚು. "ಸಾಕು ನಿಲ್ಲಿಸಪ್ಪಾ, ನಿನಗೆ ಊದೋಕೆ ಬರೋಲ್ಲ" ಎಂದು ಹಿರಿಯರು ಗದರುತ್ತಾರೆ. ಎರಡು ದಿನದಲ್ಲಿ ಪೀಪಿ ಅಟ್ಟ ಸೇರುತ್ತದೆ. ಆದರೆ "ನನಗೆ ಸಂಗೀತ ಬಾರದು" ಎಂಬ ಮಾತು ಮಾತ್ರ ಮಗುವಿನ ಮನಸ್ಸಿನಲ್ಲಿ ಎಷ್ಟೋ ವರ್ಷ ಉಳಿದುಬಿಡುತ್ತದೆ. ನಾವು ಈ ಸಲ ಹೇಳಹೊರಟಿರುವುದು ಇಷ್ಟೆ: ದೋಷ ಬಹಳ ಸಲ ಮಗುವಿನ ಉಸಿರಿನಲ್ಲಿಲ್ಲ, ಪೀಪಿಯ ಮೂತಿಯಲ್ಲಿದೆ. ಅದನ್ನು ಮನೆಯಲ್ಲೇ ತಿದ್ದಬಹುದು.

ಪೀಪಿಯೆಂದು ಇದನ್ನು ಹೀನಾಯವಾಗಿ ಕಾಣಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ರಾಬರ್ಟ್ ಕ್ಲಾರ್ಕ್ ಎಂಬಾತ ೧೮೪೩ರಲ್ಲಿ ತವರದ ತಗಡನ್ನು ಸುತ್ತಿ, ಮರದ ಬೆಣೆಯಿಟ್ಟು ಇಂಥ ಪೀಪಿಗಳನ್ನು ಮಾಡತೊಡಗಿದ. ಐರ್ಲೆಂಡಿನ ಜನಪದ ಸಂಗೀತಕ್ಕೆ ಅದು ಅಚ್ಚುಮೆಚ್ಚಿನ ವಾದ್ಯವಾಯಿತು. ದಕ್ಷಿಣ ಆಫ್ರಿಕದ ಬೀದಿಗಳಲ್ಲಿ ಬಡ ಹುಡುಗರು ಇದನ್ನೇ ಊದಿ ಕ್ವೇಲಾ ಎಂಬ ಹೊಸ ಸಂಗೀತವನ್ನೇ ಕಟ್ಟಿದರು. ಆ ಬಗೆಯ 'ಟಾಮ್ ಹಾರ್ಕ್' ಎಂಬ ಧ್ವನಿಮುದ್ರಿಕೆ ೧೯೫೮ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅಗ್ಗದ ವಾದ್ಯವೆಂದರೆ ಕೀಳು ವಾದ್ಯವೇನಲ್ಲ.

ಇನ್ನು ನಾದ ಹುಟ್ಟುವ ಬಗೆ. ನಾವು ಊದಿದ ಗಾಳಿ ಮೂತಿಯೊಳಗಿನ ಕಿರಿದಾದ ದಾರಿಯಲ್ಲಿ ಹಾಯ್ದು, ಮೇಲಿನ ಕಿಂಡಿಯ ಆಚೆ ಇರುವ ಅಲಗಿಗೆ ಬಡಿಯುತ್ತದೆ. ಅಲಗಿನ ಮೇಲೊಮ್ಮೆ ಕೆಳಗೊಮ್ಮೆ ಅದು ತೂಗಾಡಿದಾಗ ಕೊಳವೆಯೊಳಗಿನ ಗಾಳಿ ಕಂಪಿಸಿ ಸ್ವರವಾಗುತ್ತದೆ. ಗಾಳಿದಾರಿ, ಅಲಗು, ಕೊಳವೆ, ಈ ಮೂರರಲ್ಲಿ ಎಲ್ಲಿ ಕೊರತೆಯಿದ್ದರೂ ಸ್ವರ ಕೆಡುತ್ತದೆ. ಆದುದರಿಂದ ಪರೀಕ್ಷೆಯೂ ಇದೇ ಕ್ರಮದಲ್ಲಿ ಆಗಬೇಕು.

ಎಲ್ಲಕ್ಕೂ ಮೊದಲು ಒಂದು ಎಚ್ಚರಿಕೆ. ಬಣ್ಣ ಸುಲಿದ, ತುಕ್ಕು ಹಿಡಿದ, ಬಾಯಿಯ ಬಳಿ ಬೆಸುಗೆ ಹಾಕಿದ ಪೀಪಿಯನ್ನು ಮಗುವಿಗೆ ಕೊಡಬೇಡಿ. ಬಣ್ಣದಲ್ಲಿಯೂ ಬೆಸುಗೆಯಲ್ಲಿಯೂ ಸೀಸವಿರಬಹುದು. ಅದು ಎಳೆಯರ ಮೆದುಳಿಗೆ ವಿಷ. ಅಂಥದನ್ನು ತಿದ್ದುವ ಶ್ರಮವೇ ಬೇಡ.

ಮೊದಲನೆಯದು ಗಾಳಿದಾರಿ. ಪೀಪಿಯನ್ನು ಬೆಳಕಿಗೆ ಹಿಡಿದು ಬಾಯಿಯ ಕಡೆಯಿಂದ ನೋಡಿ. ಧೂಳಿದ್ದರೆ ದಪ್ಪ ಕಾಗದದ ಪಟ್ಟಿಯನ್ನು ಮೆಲ್ಲಗೆ ತೂರಿಸಿ ತೆಗೆಯಿರಿ. ಸೂಜಿ, ಮೊಳೆ ಹಾಕಬೇಡಿ. ಮರದ ಬೆಣೆಯ ತಗಡಿನ ಪೀಪಿ ಉಸಿರನ್ನೆಲ್ಲ ನುಂಗಿ ಬುಸುಗುಟ್ಟುತ್ತಿದ್ದರೆ ದಾರಿ ಅಗಲವಾಗಿದೆ ಎಂದರ್ಥ. ಬೆಣೆಯ ಮೇಲಿನ ತಗಡನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಒತ್ತಿ, ಊದಿ ನೋಡಿ, ಬೇಕಾದರೆ ಮತ್ತೆ ಒತ್ತಿ.

ಎರಡನೆಯದು ಅಲಗು. ಕಾರ್ಖಾನೆಯಲ್ಲಿ ಕತ್ತರಿಸುವಾಗ ಅದರ ಅಂಚಿನಲ್ಲಿ ಸಣ್ಣ ಸಿಬಿರು ಉಳಿದಿರುತ್ತದೆ. ಬಹಳ ನಯವಾದ ಎಮರಿ ಕಾಗದವನ್ನು ತೆಳುವಾದ ಕಡ್ಡಿಗೆ ಸುತ್ತಿ ಎರಡೇ ಎರಡು ಸಲ ಎಳೆದು, ಪುಡಿಯನ್ನು ತೊಳೆದು, ಊದಿ ನೋಡಿ. ಕ್ಷೌರದ ಕತ್ತಿಯಂತೆ ಹರಿತ ಮಾಡಬಾರದು. ಸವೆದದ್ದು ಮರಳಿ ಬಾರದು. ಇದು ದೊಡ್ಡವರೇ ಮಾಡತಕ್ಕ ಕೆಲಸ.

ಪ್ಲಾಸ್ಟಿಕ್ ಮೂತಿಯ ಪೀಪಿಗಳಲ್ಲಿ ಇನ್ನೊಂದು ದೋಷವುಂಟು. ಗಾಳಿದಾರಿಯ ನೆಲದ ಕೆಳಗೆ ಒಂದು ಪೊಳ್ಳು ಉಳಿದಿರುತ್ತದೆ. ಮೇಲಿನ ಸ್ವರಗಳು ಅಲುಗಾಡಲು ಅನೇಕ ವೇಳೆ ಇದೇ ಕಾರಣ. ಮೂತಿಯನ್ನು ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಬಟ್ಟೆಯಿಂದ ಹಿಡಿದು ತಿರುಚಿದರೆ ಸಾಮಾನ್ಯವಾಗಿ ಕಳಚಿಬರುತ್ತದೆ. ನೀರು ಕುದಿಯುತ್ತಿರಬಾರದು, ಮರದ ಬೆಣೆಯಿರುವುದನ್ನು ನೀರಿಗೆ ಹಾಕಲೂ ಬಾರದು. ಜೇನುಮೇಣವನ್ನು ಬೆರಳಲ್ಲಿ ಮಿದ್ದು, ಕೊಳವೆ ಸೇರುವ ಕಡೆಯಿಂದ ಆ ಪೊಳ್ಳಿಗೆ ತುಂಬಿ, ನೆಲದ ಮಟ್ಟಕ್ಕೆ ಸಮ ಮಾಡಿ. ಮೇಣ ಗಾಳಿಗೆ ಅಡ್ಡ ಬರಬಾರದು.

ಮೂರನೆಯದು ಕೊಳವೆ. ತಗಡಿನ ಹೊಲಿಗೆಯಲ್ಲಿ ಗಾಳಿ ಸೋರುತ್ತಿದ್ದರೆ ಕೆಳಗಿನ ಸ್ವರ ಹೊರಡುವುದೇ ಇಲ್ಲ. ಹೊರಗಿನಿಂದ ಮೇಣದ ತೆಳು ಲೇಪ ಕೊಟ್ಟರೆ ಸಾಕು. ಮೂತಿ ಸಡಿಲವಾಗಿದ್ದರೆ ನಲ್ಲಿಗೆ ಸುತ್ತುವ ಬಿಳಿಯ ಟೇಪನ್ನು ಒಂದು ಸುತ್ತು ಸುತ್ತಿ.

ಈಗ ಶ್ರುತಿ. ಹಾರ್ಮೋನಿಯಂ ಇಲ್ಲವೆ ಮೊಬೈಲಿನಲ್ಲಿ ಸಿಗುವ ಶ್ರುತಿಪೆಟ್ಟಿಗೆ ಹಾಕಿಕೊಳ್ಳಿ. ಮೂತಿಯನ್ನು ಸ್ವಲ್ಪ ಹೊರಗೆಳೆದರೆ ಎಲ್ಲ ಸ್ವರಗಳೂ ಇಳಿಯುತ್ತವೆ, ಒಳತಳ್ಳಿದರೆ ಏರುತ್ತವೆ. ಒಂದೇ ಸ್ವರ ಏರಿದ್ದರೆ, ಅದಕ್ಕಾಗಿ ತೆರೆದ ತೂತುಗಳಲ್ಲಿ ಮೂತಿಗೆ ಅತಿ ಹತ್ತಿರದ್ದರ ಮೇಲಂಚಿಗೆ ಚೂರು ಸೆಲ್ಲೋಟೇಪು ಅಂಟಿಸಿ. ಇಳಿದಿದ್ದರೆ ಅದೇ ಅಂಚನ್ನು ತುಸು ಉಜ್ಜಬೇಕು. ಆದರೆ ಅವಸರ ಬೇಡ. ತಣ್ಣನೆಯ ಪೀಪಿಯ ಶ್ರುತಿ ಇಳಿದೇ ಇರುತ್ತದೆ, ಕೈಯಲ್ಲಿ ಬೆಚ್ಚಗೆ ಮಾಡಿಕೊಂಡು ನೋಡಿ. ಊದುತ್ತ ಊದುತ್ತ ಉಸಿರಿನ ಹನಿ ಕಟ್ಟಿ ಸ್ವರ ಹೂತುಹೋದರೆ, ಕಿಂಡಿಯನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಜೋರಾಗಿ ಊದಿದರೆ ದಾರಿ ತೆರವಾಗುತ್ತದೆ.

ಇಷ್ಟಾದ ಮೇಲೆ ಮಗುವಿನ ಕೈಗೆ ಕೊಡಿ. ಆರೂ ತೂತು ಮುಚ್ಚಿ ಊದಿದ್ದು ಷಡ್ಜ. ಕೆಳಗಿನಿಂದ ಒಂದೊಂದೇ ಬೆರಳನ್ನು ಎತ್ತುತ್ತ ಬಂದರೆ ರಿ, ಗ, ಮ, ಪ, ದ, ನಿ. ಇದು ನಮ್ಮ ಶಂಕರಾಭರಣವೇ. ಮೇಲಿನ ಮೂರು ತೂತು ಮುಚ್ಚಿದ ಸ್ವರವನ್ನೇ ಷಡ್ಜವೆಂದು ಹಿಡಿದರೆ ಅದೇ ಪೀಪಿಯಲ್ಲಿ ಕಲ್ಯಾಣಿ, ಅಂದರೆ ಹಿಂದೂಸ್ಥಾನಿಯ ಯಮನ್. ಸರಳೆವರಸೆಯ ಮಾಯಾಮಾಳವಗೌಳಕ್ಕೆ ರಿಷಭ ಧೈವತಗಳಲ್ಲಿ ತೂತನ್ನು ಅರ್ಧ ಮುಚ್ಚಬೇಕಾದ್ದರಿಂದ ಅದು ಬೆರಳು ಪಳಗಿದ ಮೇಲೆ ಆಗಲಿ. ಮೆಲ್ಲಗೆ ಊದಿದರೆ ಕೆಳಸ್ಥಾಯಿ, ಬಿಗಿಯಾಗಿ ಊದಿದರೆ ಮೇಲಿನದು ಎಂಬುದನ್ನು ಮಾತ್ರ ಮೊದಲೇ ಹೇಳಿಕೊಡಿ.

ಎಷ್ಟು ತಿದ್ದಿದರೂ ಪೀಪಿ ಬಿದಿರಿನ ಕೊಳಲಾಗದು. ಗಮಕದ ತೂಕ, ನಾದದ ತುಂಬು ಅದಕ್ಕೆ ಬಾರದು. ಬರಬೇಕಾಗಿಯೂ ಇಲ್ಲ. ತಾನು ಬೆರಳೆತ್ತಿದಂತೆ ಸ್ವರ ಸರಿಯಾಗಿ ಬಂತೆಂಬ ಸಂತೋಷ ಮಗುವಿಗೆ ದೊರೆತರೆ ಅದರ ಕೆಲಸ ಮುಗಿಯಿತು. ಮುಂದೆ ಅದು ಕೊಳಲನ್ನು ತಾನಾಗಿಯೇ ಕೇಳೀತು. ಅಟ್ಟದ ಮೇಲೆ ಬಿದ್ದಿರುವ ಪೀಪಿಯನ್ನು ಈ ಭಾನುವಾರ ಕೆಳಗಿಳಿಸಿ. ಬೇಕಾದದ್ದು ಚಿಟಿಕೆ ಜೇನುಮೇಣ, ಒಂದು ತುಂಡು ಎಮರಿ ಕಾಗದ. ಅದಕ್ಕೂ ಹೆಚ್ಚಾಗಿ, ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಲು ಅರ್ಧ ಗಂಟೆ.